ಇಗರ್ಜಿಯಲ್ಲಿ ತಿರುಗಿಸಿದ ಟೋಪಿ

ಶನಿವಾರ ಮಧ್ಯಾಹ್ನ ಷಿಕಾಗೋದ ನಮ್ಮ ಇಗರ್ಜಿಯಲ್ಲಿ ಹೆಂಡತಿಯ ಹೆಸರಿಗೆ ಮೇಣದಬತ್ತಿ ಹಚ್ಚಿ, ಪಾಪನಿವೇದನೆಯ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಕ್ಲೆಮೆಂಟ್, ಯಾದ್ವಿಗಾ ದಂಪತಿ ರೇಡಿಯೋದ ಇಯರ್‌ಫೋನನ್ನು ಒಂದೊಂದು ಕಿವಿಗೆ ಹಂಚಿಕೊಂಡು ಬೇಸ್‌ಬಾಲ್ ಕೇಳುತ್ತಿದ್ದರು. ಕೊನೆಯ ಇನಿಂಗ್ಸ್, ನಮ್ಮವರು ಒಂದು ರನ್ ಹಿಂದಿದ್ದರು. ಕ್ಲೆಮೆಂಟ್ ಟೋಪಿಯ ಒಳಮೈ ಹೊರಗೆ ಮಾಡಿ ತಲೆಗೇರಿಸಿದರು.

“ದೇವರ ಮನೇಲಿ ಗಂಡಸರು ಟೋಪಿ ಹಾಕ್ತಾರೇನ್ರೀ? ತೆಗೀರಿ.”

“ಹೀಗೆ ತಿರುಗಿಸಿ ಹಾಕಿದ್ರೇ ಕಣೇ ರನ್ ಬರೋದು.”

“ತೆಗೀರಿ ಅಂದೆ.”

ತೆಗೆದರು.

“ಕೇಳಿಸ್ತಾ? ಔಟು. ಇನ್ನೊಬ್ಬ ಔಟಾದ್ರೆ ಮುಗೀತು.”

“ಇಲ್ಲಿ ಕೊಡಿ. ಹೆಂಗಸರು ತಲೆ ಮುಚ್ಕೊಂಡ್ರೆ ದೇವರು ಬೇಡ ಅನ್ನಲ್ಲ.”

ಯಾದ್ವಿಗಾ ಹಾಕಿಕೊಂಡರು. ಮರುಕ್ಷಣವೇ ಚೆಂಡು ಬೇಲಿ ದಾಟಿ ಆಟ ಸಮವಾಯಿತು.

“ನಿನ್ನ ಸರದಿ ಬಂತು, ಹೋಗು. ಟೋಪಿ ಮಾತ್ರ ತೆಗೀಬೇಡ.”

“ಫಾದರ್ ಬೈದ್ರೆ?”

“ಮೊದಲು ಅವರಿಗೆ ಸ್ಕೋರ್ ಹೇಳು. ಪಾಪ ಆಮೇಲೆ.”

ಯಾದ್ವಿಗಾ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡು ಪಾಪನಿವೇದನೆಯ ಗೂಡಿನೊಳಗೆ ಹೋದರು.