ಬೋಳಿಸಿದ ಮೀಸೆ

ತೀರ್ಥಹಳ್ಳಿಯಲ್ಲಿ ಸಾಗರದ ಬಸ್ಸಿಗೆ ಕಾಯುತ್ತಿದ್ದ ಶ್ರೀಗೌರಿಯ ಪಕ್ಕದಲ್ಲೇ ತಾಯಿಯೊಬ್ಬಳು, ಆಗಷ್ಟೇ ಬೆಂಗಳೂರಿನಿಂದ ಬಂದಿಳಿದ ಮಗನ ಮುಖವನ್ನು ದಿಟ್ಟಿಸುತ್ತ ನಿಂತಿದ್ದಳು.

“ಅಪ್ಪಯ್ಯ ಇನ್ನೂ ಉಸಿರಾಡ್ತಿದಾರೆ ಕಣೋ. ಮೀಸೆ ಬೋಳಿಸ್ಕಂಡು ಬಂದ್ಯಲ್ಲ!”

“ಏಜೆಂಟ್ ಹೇಳಿದ್ರು ಅಮ್ಮ. ಜಾಹೀರಾತಿನ ಆಡಿಷನ್‌ಗೆ ಹಿಂಗೇ ಬರ್ಬೇಕು ಅಂತ.”

“ಸಿಕ್ತಾ?”

“ಇಲ್ಲ. ಕೊನೆಗೆ ಮೀಸೆ ಇದ್ದೋನ್ನೇ ತಗಂಡ್ರು.”

“ಒಳ್ಳೇ ಏಜೆಂಟ್ ಮಾರಾಯ! ಅಪ್ಪನ ಕರ್ಮ ಮಾಡಕ್ಕೆ ಕೂತೋನ ಹಂಗೆ ಕಾಣ್ತೀಯ. ನಿನ್ನ ನೋಡಿದ್ರೆ ಇನ್ನು ತನ್ನ ಕಥೆ ಮುಗೀತು ಅಂದ್ಕಳ್ಳಲ್ವಾ ಅವರು?”

“ಆಸ್ಪತ್ರೆ ಒಳಗೆ ಮಾಸ್ಕ್ ಹಾಕ್ಕಂತೀನಿ.”

“ನಿನ್ನ ಮುಖ ನೋಡ್ಬೇಕು ಅಂತಾನೇ ಜೀವ ಹಿಡ್ಕಂಡಿದಾರೆ.”

ಆಸ್ಪತ್ರೆಯ ಕಡೆ ಹೋಗುವ ಬಸ್ಸು ಬಂತು. ಮೇಲ್ದುಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಮಗ ತಾಯಿಯ ಹಿಂದೆ ಹತ್ತಿದ.