ಕೂಗದೆ ಜಾರಿದರೆ

ನಕ್ಕೆ! ನಕ್ಕೆ ತಾನೆ? ಸುಳ್ಳಾಡ್ಬೇಡ, ನಿನ್ನ ಮೀಸೆ ಅಲ್ಲಾಡಿದ್ದು ಕೆಳಗಿಂದಲೇ ಕಾಣಿಸ್ತು. ಗಾಳಿಗೆ ಅಂತ ಮಾತ್ರ ಹೇಳ್ಬೇಡ, ಹಿಮ ಕಟ್ಟಿರೋ ಮೀಸೆ ಗಾಳಿಗೆ ಅಲ್ಲಾಡುತ್ತಾ? ಅಯ್ಯಪ್ಪಾ... ತಡಿ, ಸ್ವಲ್ಪ ಉಸಿರು ತಗೋತೀನಿ. ಇಳಿಯೋವಾಗ ಈ ದಿಬ್ಬ ಇಷ್ಟೇ ಇಷ್ಟಿತ್ತು, ಹತ್ತೋವಾಗ ಮುಗಿಯೋದೇ ಇಲ್ಲ! ಕುತ್ತಿಗೆ ಒಳಗೆಲ್ಲಾ ಹಿಮ ಹೋಗಿದೆ, ಬೆನ್ನ ಮೇಲೆ ನೀರಿಳೀತಿದೆ. ಎಷ್ಟು ಮಜಾ ಗೊತ್ತಾ ಎನ್ಸಿಯೊ! ಎಷ್ಟು ಮಜಾ!

ನಾನು ಕೂಗಿದ್ದು ಕೇಳಿಸ್ತಾ? "ಉದ್ದ ಅಗಸೆ! ಉದ್ದ ಅಗಸೆ!" ಚಿಳ್ಳೆಪಿಳ್ಳೆಗಳೆಲ್ಲಾ ತಿರುಗಿ ನೋಡಿದ್ವು, ಈ ಅಜ್ಜಿಗೇನಾಯ್ತು ಅಂತ. ನೋಡ್ಲಿ ಬಿಡು. ಚರ್ಚಿನ ನಲವತ್ತು ದಿನದ ಉಪವಾಸ ಶುರುವಾಗೋಕೆ ಮುಂಚಿನ ಮಂಗಳವಾರ ದಿಬ್ಬ ಜಾರಬೇಕು ಅಂತ ಗೊತ್ತು ಅವಕ್ಕೆ, ಯಾಕೆ ಅಂತ ಗೊತ್ತಿಲ್ಲ. ನಮ್ಮತ್ತೆ ಇದ್ದಿದ್ರೆ ಹೇಳ್ತಿದ್ರು. ಜಾರುಬಂಡಿ ಎಷ್ಟು ದೂರ ಹೋಗುತ್ತೋ ಆ ವರ್ಷ ಹೊಲದಲ್ಲಿ ಅಗಸೆ ಗಿಡ ಅಷ್ಟೆತ್ತರ. ಕೂಗದೆ ಜಾರಿದ್ರೆ ಹೊಲದಲ್ಲಿ ಏನೂ ಏಳಲ್ಲ... ಹಾಗೇ ತಾನೆ ಹೇಳ್ತಿದ್ದಿದ್ದು? ನಮಗೆಲ್ಲಿ ಹೊಲ, ಮೂರನೇ ಮಹಡಿಯಲ್ಲಿ ಒಂದು ಕುಂಡ, ಅದರಲ್ಲಿದ್ದ ಗಿಡಾನೂ ಸತ್ತೋಯ್ತು. ಆದ್ರೂ ಕೂಗ್ಬೇಕು ಕಣೋ.

ಸರಿ, ಏಳು. ಈಗ ನಿನ್ನ ಸರದಿ.

ಯಾಕೆ? ಮಂಡಿ ನೋವಾ? ಮಂಡಿ ನೋವು ನನಗೆ, ನಿನಗಲ್ಲ! ಒಂದೇ ಸಲ ಎನ್ಸಿಯೊ. ಇವತ್ತೊಂದಿನ. ನಾಳೆ ನಾಡಿದ್ದು ಅಂತ ಬೇಡ, ಇವತ್ತೇ. ಒಂದ್ಸಲ ಜಾರು, ಒಂದ್ಸಲ ಕೂಗು, ಆಮೇಲೆ ನಾನು ನಿನ್ನ ತಂಟೆಗೇ ಬರಲ್ಲ.

ರೇಡಿಯೋದಲ್ಲಿ ಆ ಹೆಂಗಸು ಹೇಳಿದ್ದು ನೀನೂ ಕೇಳಿದೆಯಲ್ಲ. ದಿನಾ ಒಂದು ಸಣ್ಣ ವಿಷಯಕ್ಕೆ ಬೆರಗಾಗಬೇಕಂತೆ, ಮಕ್ಕಳ ಥರ. ನೀನು ಚಾನೆಲ್ ಬದಲಾಯಿಸ್ದೆ. ನಾನು ಶುರು ಮಾಡ್ಕೊಂಡೆ. ಅಂಗಡಿ ಸೂರಿನಿಂದ ಮಂಜುಗಡ್ಡೆ ಇಳಿಬಿದ್ದಿತ್ತು, ಮುರಿದು ಚೀಪ್ಕೊಂಡೇ ಒಳಗೆ ಹೋದೆ. ಬಿಲ್ ಹಾಕೋ ಹುಡುಗಿ, "ಅಮ್ಮಾ, ಯಾರಿಗಾದ್ರೂ ಫೋನ್ ಮಾಡ್ಲಾ?" ಅಂದ್ಲು! ನಗು ಬರಲ್ವಾ ನಿನಗೆ? ಆವತ್ತು ಬಟ್ಟಲಲ್ಲಿ ಹೊಸ ಹಿಮ ತುಂಬ್ಕೊಂಡು ಬಂದು ನಿನ್ನ ಕಾಫಿ ಪಕ್ಕ ಇಟ್ಟೆ. ಮುಟ್ಟಿ ನೋಡ್ಲಿ, ನನ್ನ ಕತ್ತಿನ ಮೇಲಾದ್ರೂ ಎರಚ್ಲಿ ಅಂತ. ನೀನೇನು ಮಾಡ್ದೆ? ಸಿಂಕಿಗೆ ಸುರಿದು, ಬಟ್ಟಲು ತೊಳೆದು, ಒರೆಸಿ, ಕಪಾಟಿನಲ್ಲಿಟ್ಟೆ. ನಾನು ಸ್ನಾನದ ಮನೆಗೆ ಹೋಗಿ ಅತ್ತೆ, ಅದು ನಿನಗೆ ಗೊತ್ತಿಲ್ಲ.

ವಯಸ್ಸಿನಲ್ಲಿ ನೀನು ಇದೇ ದಿಬ್ಬದ ಮೇಲೆ, ಹಬೆಸ್ನಾನದ ಸೌನಾದಲ್ಲಿ ನೀರಿನ ಹಂಡೆ ಇರುತ್ತಲ್ಲ, ಅದರ ಮುಚ್ಚಳದ ಮೇಲೆ ನಿಂತ್ಕೊಂಡು ಜಾರ್ತಿದ್ದೆ. ನಿಂತ್ಕೊಂಡು! ನೀನು ಕೂಗಿದ್ರೆ ಕೆರೆಯಾಚೆ ನಾಯಿಗಳೆಲ್ಲಾ ಬೊಗಳೋಕೆ ಶುರು. ನಮ್ಮಮ್ಮ ಮುಖ ಸಿಂಡರಿಸಿ, "ಹಿಲ್ಕಾ, ಈ ಗಲಾಟೆ ಗಂಡು ಬೇಡ, ಬಾಯಿ ಮುಚ್ಕೊಂಡಿರೋನು ನೋಡು" ಅಂದ್ಲು. ನಮ್ಮೂರಲ್ಲಿ ಬಾಯಿ ಮುಚ್ಕೊಂಡಿರೋ ಗಂಡು ಅಂದ್ರೆ ಅಪರಂಜಿ. ನಾನು ಕೇಳಲಿಲ್ಲ, ನನಗೆ ಆ ಗಲಾಟೇನೇ ಬೇಕಿತ್ತು.

ನೋಡು, ಅಲ್ಲೇ ನಾನು ಎಡವಿದ್ದು. ಹೋದ ವಸಂತದಲ್ಲಿ ನೀನು ಮಾತು ಕಮ್ಮಿ ಮಾಡ್ದೆ. ಊಟದ ಹೊತ್ತಿಗೆ ಒಂದು ಮಾತು, ಆಮೇಲೆ ಅದೂ ಇಲ್ಲ. ಪಕ್ಕದ ಮನೆ ಸುಲ್ವಿ, "ಅಂತೂ ನಿನ್ನ ಗಂಡ ಪಳಗಿದ ಕಣೇ" ಅಂದ್ಲು. ನಾನು ಹೂಂ ಅಂದೆ! ಮನೆ ಎಷ್ಟು ನೆಮ್ಮದಿಯಾಗಿದೆ ಅಂತ ನಮ್ಮ ಮಗಳು ಐಲಾಗೆ ಫೋನ್ ಮಾಡಿ ಹೇಳಿದೆ. ನೀನು ಒಳಗೊಳಗೇ ಬತ್ತಿ ಹೋಗ್ತಿದ್ದೆ, ನಾವೆಲ್ಲಾ ನಿನಗೆ ಶಭಾಷ್ ಅಂತಿದ್ವಿ. ಇಂಥ ದಡ್ಡತನ ಇನ್ಯಾವ ಊರಲ್ಲಿ ಮಾಡ್ತಾರೆ ಹೇಳು.

ಏನಾಯ್ತು ಅಂತ ಒಂದ್ಸಲನಾದ್ರೂ ಹೇಳೋ ಮಾರಾಯ. ಯಾರೂ ಸಾಯಲಿಲ್ಲ. ಕೆಲಸ ಹೋಗಲಿಲ್ಲ. ಡಾಕ್ಟರು ಮಾತ್ರೆ ಕೊಟ್ರು, ನುಂಗ್ತಾ ಇದ್ದೀಯ. ಏನೋ ಆಗಿದ್ರೆ ಅದನ್ನ ಹಿಡ್ಕೊಂಡು ಬೈಬಹುದಿತ್ತು. ಏನೂ ಆಗದೇ ಹಿಂಗಾದ್ರೆ ನಾನು ಯಾರನ್ನ ಬೈಲಿ?

...ಸರಿ, ಬಿಡು. ಹಬ್ಬದ ಕೆನೆ ಬನ್ನು ತಿನ್ನು. ಬಾದಾಮಿದಲ್ಲ, ಜಾಮಿಂದು. ಹೌದು, ನಾನೇ ತಂದೆ! ಇಷ್ಟು ವರ್ಷ ಬಾದಾಮಿ ಹಾಕದ ಬನ್ನು ಬನ್ನೇ ಅಲ್ಲ ಅಂತ ನಿನ್ನ ಜೊತೆ ಜಗಳ ಆಡಿದೋಳು. ಇವತ್ತು ಸೋತೆ, ತಗೋ. ಗೆದ್ದೆ ಅಂತ ಅಣಕಿಸು ನೋಡೋಣ. ಕೆನೆ ಮೀಸೆಗೆ ಮೆತ್ಕೋಬೇಕು, ಹಾಗೆ ತಿನ್ನಬೇಕು. ನೀನು ಬನ್ನು ಸುತ್ತಿದ್ದ ಕಾಗದ ಮಡಿಸ್ತಾ ಕೂತಿದ್ದೀಯಲ್ಲೋ... ಅದೇನು ಆ ಕಡೆ ನೋಡ್ತಿದ್ದೀಯ? ಕಾರಿನ ಕಡೆ ಏನಿದೆ?

ಓ, ಡಿಕ್ಕೀಲಿದ್ದಿದ್ದಾ? ಅದು... ಹಳೇ ಬಟ್ಟೆ. ಚರ್ಚಿಗೆ ಕೊಡೋಕೆ. ಸೂಟ್‌ಕೇಸಲ್ಲಿ ಯಾಕೆ ಅಂದ್ರೆ, ಚೀಲ ಹರಿದಿತ್ತು. ಜಾರುಬಂಡಿ ನಾನೇ ತೆಗೀತಿದ್ದೆ, ನೀನ್ಯಾಕೆ ಹೋದೆ ತೆಗೆಯೋಕೆ? ಒಂದು ಚಮಚ ಎತ್ತಿಡು ಅಂದ್ರೂ ಏಳದೋನು! ...ನೀನೇನೂ ಕೇಳಲಿಲ್ಲ, ಗೊತ್ತು. ಕೇಳದೇ ಇದ್ರೂ ಹೇಳ್ತಿದ್ದೀನಿ. ಹಳೇ ಬಟ್ಟೆ, ಅಷ್ಟೇ.

ಹಾಂ? ಎದ್ದೆಯಾ? ಎಲ್ಲಿಗೆ... ಜಾರುಬಂಡೀನಾ? ಜಾರ್ತೀಯಾ? ನಿಜವಾಗ್ಲೂ? ಅಯ್ಯೋ ನನ್ನ ದೊರೆ! ತಡಿ ತಡಿ, ಟೋಪಿ ಎಳ್ಕೋ. ಹಗ್ಗ ಬಿಗಿಯಾಗಿ ಹಿಡಿ. ಏಯ್ ಮಕ್ಕಳಾ, ದಾರಿ ಬಿಡ್ರೋ! ತಳ್ಳಲಾ? ತಳ್ತೀನಿ, ಒಂದು, ಎರಡು... ಹಾಂ! ಹಾಗೇ! ಕಾಲು ಎತ್ಕೋ! ಕೂಗು! ಕೂಗೋ ಎನ್ಸಿಯೊ! ಉದ್ದ... ಹೇಳು, ಉದ್ದ... ಬಾಯಿ ತೆಗಿಯೋ! ಇನ್ನೂ ಜಾಗ ಇದೆ, ಇನ್ನೂ ಹೋಗ್ತಾ ಇದ್ದೀಯ, ಈಗಲಾದ್ರೂ... ಈಗಲಾದ್ರೂ...

ನಿಂತುಬಿಟ್ಟೆ.

ಎಲ್ಲರಿಗಿಂತ ದೂರ ಹೋದೆ ಕಣೋ! ಹೆಪ್ಪುಗಟ್ಟಿರೋ ಕೆರೆ ಮೇಲೇ ಹೋಗ್ಬಿಟ್ಟೆ, ಇಷ್ಟು ದೂರ ಇವತ್ತು ಯಾರೂ ಹೋಗಿಲ್ಲ! ಈ ಕಡೆ ತಿರುಗು, ಕೈ ಬೀಸ್ತಿದ್ದೀನಿ ನೋಡು. ಬಾ ಮೇಲೆ. ಇನ್ನೊಂದ್ಸಲ ಇಬ್ಬರೂ ಒಟ್ಟಿಗೇ ಜಾರೋಣ. ಅಷ್ಟರಲ್ಲಿ ಬನ್ನು...

ಇದೇನಿದು, ಬೆಂಚಿನ ಮೇಲೆ. ಕಾರಿನ ಕೀ.

ಜೇಬಿಂದ ಬಿತ್ತಾ? ...ಬಿದ್ದಿದ್ದಲ್ಲ. ಕಾಗದ ನೀಟಾಗಿ ಮಡಿಸಿ ಅದರ ಮೇಲೆ ಇಟ್ಟಿದ್ದೀಯ. ನನ್ನ ಕೈಗವಸಿನ ಪಕ್ಕಕ್ಕೇ.

ಗೊತ್ತಾಗಿದೆ ನಿನಗೆ. ಡಿಕ್ಕಿ ತೆಗೆದಾಗಲೇ ಗೊತ್ತಾಗಿದೆ. ಗೊತ್ತಿದ್ದೂ ಇಲ್ಲಿ ಕೂತ್ಕೊಂಡು ನನ್ನ ಕುಣಿತ ಎಲ್ಲಾ ನೋಡ್ತಿದ್ದೆ. ಐಲಾ ಒಂದು ಕೋಣೆ ಖಾಲಿ ಮಾಡಿದ್ದಾಳೆ ಎನ್ಸಿಯೊ. ಸಂಜೆ ನಾನೊಬ್ಬಳೇ ಅಲ್ಲಿಗೆ ಹೋಗೋಣ ಅಂತಿದ್ದೆ. ನೀನು ಒಂದ್ಸಲ ಕೂಗಿದ್ರೆ ಆ ಸೂಟ್‌ಕೇಸು ಸುಮ್ಮನೆ ಮಂಚದ ಕೆಳಗೆ ವಾಪಸ್ ಹೋಗ್ತಿತ್ತು. ದೇವರಾಣೆ ಹೋಗ್ತಿತ್ತು. ಇನ್ನೊಂದು ಹೇಳ್ಲಾ? ನನಗೂ ಏನೂ ಮಜಾ ಬರಲಿಲ್ಲ. ಕೆಳಗೆ ಬಿದ್ಕೊಂಡು ಆಕಾಶ ನೋಡಿದೆ, ಚಳಿ ಆಯ್ತು, ಅಷ್ಟೇ. ನಿನಗೆ ಕೇಳಿಸ್ಲಿ ಅಂತ ಕೂಗಿದೆ. ಮಂಜುಗಡ್ಡೆ ಚೀಪಿದಾಗಲೂ ಏನೂ ಅನ್ನಿಸ್ಲಿಲ್ಲ. ನಿನ್ನದು ನನಗೂ ಅಂಟ್ತಿದೆ ಕಣೋ, ಹೆದರಿಕೆ ಆಗ್ತಿದೆ ನನಗೆ.

ಎದ್ದೆಯಾ... ಅಲ್ಲ, ಆ ಕಡೆ ಅಲ್ಲ! ಎನ್ಸಿಯೊ! ಕೆರೆ ದಾಟಿ ಮನೆಗೆ ನಡ್ಕೊಂಡೇ ಹೊರಟೆಯಾ? ಜಾರುಬಂಡಿ ಎಳ್ಕೊಂಡು?

ಅಗಸೆ ಬೇಡ ಕಣೋ! ಅಗಸೆ ಹಾಳಾಗ್ಲಿ! ಹೋಗ್ಬೇಡ ಅಂತ ಕೂಗು. ಹಿಲ್ಕಾ, ಹೋಗ್ಬೇಡ ಅಂತ... ತಿರುಗದೇ ಇದ್ರೂ ಪರವಾಗಿಲ್ಲ, ನಡ್ಕೊಂಡು ಹೋಗ್ತಾನೇ ಕೂಗು. ಇಲ್ಲಿಗೆ ಕೇಳಿಸುತ್ತೆ. ನೀನು ಕೂಗಿದ್ರೆ ಇಲ್ಲಿಗೆ ಕೇಳಿಸುತ್ತೆ ಎನ್ಸಿಯೊ.