ಬೀಗಿತ್ತಿಯ ರಜೆ

ಲಾಂಡ್ರಿಯಲ್ಲಿ ಒಗೆದ ಹೊದಿಕೆಗಳನ್ನು ಮಡಚುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಗದರುತ್ತಿದ್ದರು.

“ಬೀಗಿತ್ತಿಗೆ ಬರೆದ ಕಾಗದ ಇನ್ನೂ ನಿನ್ನ ಚೀಲದಲ್ಲೇ ಇದೆಯಲ್ಲೇ! ಎರಡು ರಜೆ ಕಳೆದುಹೋಯ್ತು.”

“ಅವರಿಗೆ ಬರೋದು ಸ್ಪ್ಯಾನಿಷ್ ಒಂದೇ ಅಂತ ಅದರಲ್ಲೇ ಬರೆದಿದೀನಿ ಅಜ್ಜಿ. ರಜೆಗೆ ಏನು ಮಾಡ್ತೀರಿ, ನಮ್ಮನೆಗೆ ಬರ್ತೀರಾ ಅಂತ.”

“ಮತ್ತೇನು ದಾಡಿ?”

“ಕ್ಲಾಸಲ್ಲಿ ಪ್ರಶ್ನೆ ಕೇಳೋದು ಮಾತ್ರ ಕಲಿಸಿದಾರೆ. ಅವರು ಉತ್ತರ ಬರೆದ್ರೆ ನಂಗೆ ತಿಳಿಯಲ್ಲ. ಚಿಕ್ಕಪ್ಪನೇ ಅವರತ್ತೇನ ಕರೀಲಿ ಬಿಡು.”

“ಅವನ ಮದುವೇಲಿ ಆಕೆಗೆ ಮುಖ ಕೊಟ್ಟು ಮಾತಾಡದವಳು ನಾನು. ನಾನೇ ಕರೀಬೇಕು ಕಣೇ.”

“ಉತ್ತರ ಬಂದ್ರೆ?”

“ಆಕೆ ಬಂದು ಬಾಗಿಲಲ್ಲಿ ನಿಂತ್ರೆ ಅದೇ ಉತ್ತರ. ಕೊಡಿಲ್ಲಿ!”

ಅಜ್ಜಿ ಕಾಗದ ಕಿತ್ತುಕೊಂಡು ರಸ್ತೆ ದಾಟಿದರು. ಬಟ್ಟೆ ಬುಟ್ಟಿ ಹೊತ್ತು ಮೊಮ್ಮಗಳು ಹಿಂದೆಯೇ ಓಡಿದಳು. ಅಂಚೆಪೆಟ್ಟಿಗೆಗೆ ಕಾಗದ ಹಾಕಿದ ಅಜ್ಜಿ, ಅದು ಒಳಗೆ ಬಿತ್ತೋ ಇಲ್ಲವೋ ಎಂದು ಪೆಟ್ಟಿಗೆಯನ್ನು ಎರಡು ಸಲ ಬಡಿದರು.